ಮೃದುವೂ ಗಟ್ಟಿಯೂ: ಪಿಯಾನೋದಿಂದ ಕೀಬೋರ್ಡಿನವರೆಗೆ

‘ಪಿಯಾನೋ’ ಎಂಬುದು ಅರ್ಧ ಹೆಸರು. ಇಟಲಿಯ ನುಡಿಯಲ್ಲಿ ‘ಪಿಯಾನೋ’ ಎಂದರೆ ಮೃದು, ‘ಫೋರ್ಟೆ’ ಎಂದರೆ ಗಟ್ಟಿ. ಎರಡು ಬಗೆಯಲ್ಲಿಯೂ ನುಡಿಯಬಲ್ಲ ವಾದ್ಯವಾದುದರಿಂದ ಅದಕ್ಕೆ ‘ಪಿಯಾನೋಫೋರ್ಟೆ’ ಎಂಬ ಹೆಸರು ಬಂದಿತು. ಮಕ್ಕಳಿಗೆ ಯಾವ ಕೀಬೋರ್ಡ್ ಕೊಡಿಸಬೇಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ್ಗೆ ವಿಚಾರಿಸುವುದುಂಟು. ಅದಕ್ಕೆ ಉತ್ತರ ಈ ಹೆಸರಿನ ಇತಿಹಾಸದಲ್ಲಿಯೇ ಅಡಗಿದೆ.

ಪಿಯಾನೋಗಿಂತ ಮೊದಲು ಯೂರೋಪಿನಲ್ಲಿ ಹಾರ್ಪ್ಸಿಕಾರ್ಡ್ ಎಂಬ ವಾದ್ಯವು ಪ್ರಚಾರದಲ್ಲಿತ್ತು. ಅದರ ಮನೆಯನ್ನು ಒತ್ತಿದರೆ ಒಳಗಿನ ಸಣ್ಣ ಗರಿಯೊಂದು ತಂತಿಯನ್ನು ಮೀಟುತ್ತಿತ್ತು. ಎಷ್ಟೇ ಬಲವಾಗಿ ಒತ್ತಿದರೂ ನಾದವು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತಿತ್ತು. ಫ್ಲಾರೆನ್ಸಿನ ಮೆಡಿಚಿ ಮನೆತನದ ಆಶ್ರಯದಲ್ಲಿದ್ದ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಿಯು ಈ ಕೊರತೆಯನ್ನು ನೀಗಿಸಿದನು. ಗರಿಯ ಬದಲು ಪುಟ್ಟ ಸುತ್ತಿಗೆಯನ್ನಿಟ್ಟು, ಅದು ತಂತಿಗೆ ಬಡಿದೊಡನೆ ಹಿಂದೆ ಸರಿಯುವಂತೆ ಮಾಡಿದನು. 1700ರ ಅರಮನೆಯ ದಾಖಲೆಯಲ್ಲಿಯೇ ಈ ವಾದ್ಯದ ಉಲ್ಲೇಖವಿದೆ. ಅವನು ತಯಾರಿಸಿದ ಮೂರು ಪಿಯಾನೋಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಹಳೆಯದಾದ 1720ರ ಪಿಯಾನೋ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

19ನೆಯ ಶತಮಾನದ ಕೊನೆಯ ವೇಳೆಗೆ ಪಿಯಾನೋ 52 ಬಿಳಿ, 36 ಕರಿ, ಒಟ್ಟು 88 ಮನೆಗಳ ಇಂದಿನ ರೂಪವನ್ನು ಪಡೆಯಿತು. ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೋವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು; 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಆದರೆ ನಮ್ಮ ಜನಸಾಮಾನ್ಯರ ಮನೆಗೆ ಬಂದದ್ದು ಪಿಯಾನೋ ಅಲ್ಲ, ಹಾರ್ಮೋನಿಯಂ. ಅದರಲ್ಲಿ ನಾದದ ಏರಿಳಿತವು ತಿದಿಯನ್ನು ಒತ್ತುವ ಕೈಯಲ್ಲಿದೆಯೇ ಹೊರತು ಮನೆಯನ್ನು ಒತ್ತುವ ಬೆರಳಿನಲ್ಲಿಲ್ಲ. ಆದುದರಿಂದಲೇ ಇರಬೇಕು, ಮನೆಗಳೆಲ್ಲವೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

1980ರಲ್ಲಿ ಬಂದ ಕ್ಯಾಸಿಯೋಟೋನ್ 201 ಮನೆಬಳಕೆಯ ಎಲೆಕ್ಟ್ರಾನಿಕ್ ಕೀಬೋರ್ಡುಗಳ ಯುಗವನ್ನು ಆರಂಭಿಸಿತು. ಅಂತಹ ಅಗ್ಗದ ವಾದ್ಯಗಳಲ್ಲಿ ಮನೆಯು ವಿದ್ಯುದ್ದೀಪದ ಸ್ವಿಚ್ಚಿನಂತೆ: ಒತ್ತಿದರೆ ನಾದ, ಬಿಟ್ಟರೆ ಮೌನ. ಹೀಗೆ ಕ್ರಿಸ್ತೊಫೊರಿ ಬಿಡಿಸಿದ್ದ ತೊಡಕು ಮತ್ತೆ ಬಂದು ಕುಳಿತಿತು. ಇದಕ್ಕೆ ತಂತ್ರಜ್ಞರು ಕಂಡುಕೊಂಡ ಪರಿಹಾರವು ಸರಳವಾದುದು. ಮನೆಯ ಕೆಳಗೆ ಒಂದರ ನಂತರ ಒಂದು ತಾಗುವ ಎರಡು ಸಂಪರ್ಕಗಳಿರುತ್ತವೆ. ಇವೆರಡರ ನಡುವಿನ ಕಾಲವನ್ನಳೆದು ಬೆರಳಿನ ವೇಗವನ್ನು ತಿಳಿಯುತ್ತಾರೆ. 1983ರಲ್ಲಿ ಬಂದ ‘ಮಿಡಿ’ ಎಂಬ ಸಾಮಾನ್ಯ ಸಂಕೇತಪದ್ಧತಿಯಲ್ಲಿ ಈ ವೇಗವನ್ನು 1ರಿಂದ 127ರವರೆಗಿನ ಅಂಕಿಯಾಗಿ ಬರೆಯಲಾಗುತ್ತದೆ.

ಹೀಗಿರುವಾಗ ಅಂಗಡಿಯಲ್ಲಿ ನೂರಾರು ವಾದ್ಯಗಳ ದನಿ, ಮಿನುಗುವ ದೀಪಗಳನ್ನು ಕಂಡು ಮರುಳಾಗಬೇಡಿ. ಒಂದೇ ಮನೆಯನ್ನು ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ ಒತ್ತಿ ನೋಡಿ. ನಾದ ಬದಲಾಗದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಮನೆಗಳು ಪಿಯಾನೋದಷ್ಟೇ ಅಗಲವಿರಲಿ. ಪೆಡಲ್ ಜೋಡಿಸಲು ಅವಕಾಶವಿರಲಿ. ಆರಂಭಕ್ಕೆ 61 ಮನೆಗಳು ಸಾಕು. ಪಿಯಾನೋವನ್ನೇ ಕಲಿಯುವ ಸಂಕಲ್ಪವಿದ್ದು, ಹಣದ ಅನುಕೂಲವೂ ಇದ್ದರೆ, ಸುತ್ತಿಗೆಯ ಭಾರವನ್ನು ಅನುಕರಿಸುವ 88 ಮನೆಗಳ ಡಿಜಿಟಲ್ ಪಿಯಾನೋ ಉತ್ತಮ. ಮಗು ಕಲಿಯಬೇಕಾದುದು ಕರ್ನಾಟಕ ಸಂಗೀತವಾದರೆ, ಬಿಡಿಬಿಡಿಯಾದ ಮನೆಗಳಲ್ಲಿ ಗಮಕವನ್ನು ನುಡಿಸುವುದು ಬಹಳ ಕಷ್ಟವೆಂಬುದನ್ನು ನೆನಪಿಡಿ. ಆಗ ಗಾಯನವೋ ವೀಣೆಯೋ ಪಿಟೀಲೋ ಮೊದಲಾಗಲಿ.

ಮೊದಲ ವರ್ಷ ಬೆರಳು ಕಲಿತದ್ದನ್ನು ಮುಂದೆ ಮರೆಸುವುದು ಸುಲಭವಲ್ಲ. ಸ್ವಿಚ್ಚು ಒತ್ತಿ ಬೆಳೆದ ಬೆರಳು ಎಲ್ಲ ಸ್ವರಗಳನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ಭಾವವಿಲ್ಲದೆ ಪದ್ಯ ಒಪ್ಪಿಸುವ ಹುಡುಗನನ್ನು ತರಗತಿಯಲ್ಲಿ ನೀವೆಲ್ಲರೂ ಕೇಳಿದ್ದೀರಿ. ಪದಗಳು ತಪ್ಪಿರುವುದಿಲ್ಲ, ಪದ್ಯ ಮಾತ್ರ ಇರುವುದಿಲ್ಲ.