ಯಾವ ಬೇಗೂರು?

ಬೆಂಗಳೂರಿನವರಿಗೆ ಬೇಗೂರು ಎಂದರೆ ಹೊಸೂರು ರಸ್ತೆಯ ಕಡೆಯ ಬೇಗೂರು. 'ಬೆಂಗಳೂರು' ಎಂಬ ಹೆಸರು ಕಾಣಿಸುವ ಒಂಬತ್ತನೇ ಶತಮಾನದ ವೀರಗಲ್ಲು ಸಿಕ್ಕಿದ್ದು ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿ. ಆದ್ದರಿಂದ ಆ ಊರಿಗೆ ಪತ್ರಿಕೆಗಳಲ್ಲಿ ವಿಳಾಸ ಬೇಕಿಲ್ಲ. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ನಮ್ಮ ಬೇಗೂರಿಗೆ ಮಾತ್ರ 'ಗುಂಡ್ಲುಪೇಟೆ ತಾಲ್ಲೂಕಿನ' ಎಂಬ ಬಾಲ ಅಂಟಿಸಲೇಬೇಕು. ಬಾಲವಿಲ್ಲದೆ ಈ ಊರಿನ ಹೆಸರು ಅಚ್ಚಾಗುವುದು ಮೈಸೂರು, ಚಾಮರಾಜನಗರದ ಪತ್ರಿಕೆಗಳಲ್ಲಿ ಮಾತ್ರ. ರಾಜ್ಯ ಪತ್ರಿಕೆಗೂ ಪ್ರಾದೇಶಿಕ ಪತ್ರಿಕೆಗೂ ಇರುವ ವ್ಯತ್ಯಾಸವನ್ನು ನಾವು ಮೊದಲು ಗುರುತಿಸಿದ್ದು ಈ ಬಾಲದಿಂದಲೇ.

'ಪ್ರಾದೇಶಿಕ' ಎಂಬ ಮಾತೂ ನಿಂತಲ್ಲಿ ನಿಲ್ಲುವುದಿಲ್ಲ. ದೆಹಲಿಯವರ ಲೆಕ್ಕದಲ್ಲಿ ಕನ್ನಡದ ಎಲ್ಲ ಪತ್ರಿಕೆಗಳೂ ಪ್ರಾದೇಶಿಕವೇ, 'ಪ್ರಜಾವಾಣಿ'ಯೂ ಸೇರಿದಂತೆ. ಬೆಂಗಳೂರಿನವರ ಲೆಕ್ಕದಲ್ಲಿ ಮೈಸೂರಿನ 'ಆಂದೋಲನ', 'ಮೈಸೂರು ಮಿತ್ರ' ಪ್ರಾದೇಶಿಕ. ಸರಕಾರದ ವಾರ್ತಾ ಇಲಾಖೆ ಪತ್ರಿಕೆಗಳನ್ನು ರಾಜ್ಯಮಟ್ಟ, ಪ್ರಾದೇಶಿಕ, ಜಿಲ್ಲಾಮಟ್ಟ ಎಂದು ವಿಂಗಡಿಸಿಟ್ಟಿದೆ. ಯಾರಿಗೆ ಎಷ್ಟು ಜಾಹೀರಾತು ಎನ್ನುವುದು ಈ ಮೆಟ್ಟಿಲುಗಳ ಮೇಲೆ ನಿಂತಿದೆ. ಸಣ್ಣ ಪತ್ರಿಕೆಯವನಿಗೆ ಇದು ಬರೀ ಹೆಸರಿನ ಪ್ರಶ್ನೆಯಲ್ಲ, ತಿಂಗಳ ಕೊನೆಯ ಕಾಗದದ ಬಿಲ್ಲಿನ ಪ್ರಶ್ನೆ.

ಈ ಮೆಟ್ಟಿಲುಗಳು ಬೇರೆ ದೇಶಗಳಲ್ಲೂ ಇವೆ. ಫ್ರಾನ್ಸಿನಲ್ಲಿ ಪತ್ರಿಕೆ ಹುಟ್ಟಿದ್ದು ರಾಜಧಾನಿಯಲ್ಲಿ. 1631ರಲ್ಲಿ ಥಿಯೊಫ್ರಾಸ್ಟ್ ರೆನೊಡೊ ಪ್ಯಾರಿಸಿನಲ್ಲಿ 'ಗಜೆಟ್' ಹೊರಡಿಸಿದಾಗ ಅದರ ಬೆನ್ನಿಗೆ ಪ್ರಧಾನಿ ರಿಶಲ್ಯೂ ಇದ್ದ. 1863ರಲ್ಲಿ ಬಂದ 'ಪ‌ತಿ ಜೂರ್ನಾಲ್' ಒಂದು ಸೂ ನಾಣ್ಯದ ಬೆಲೆಗೆ ರೈಲು ಹತ್ತಿ ಹಳ್ಳಿಹಳ್ಳಿ ತಲುಪಿತು. ಅಲ್ಲಿ ಸುದ್ದಿ ಪ್ಯಾರಿಸಿನಿಂದ ಕೆಳಗಿಳಿದು ಬರುತ್ತಿತ್ತು. ಕನ್ನಡದಲ್ಲಿ ಆದದ್ದು ಇದಕ್ಕೆ ತಿರುವುಮುರುವು. ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕರಾವಳಿಯಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಮರುವರ್ಷ ಅದನ್ನು ಬಳ್ಳಾರಿಗೆ ಕೊಂಡೊಯ್ದರು. ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದಾಗ ರಾಜ್ಯ ಪತ್ರಿಕೆ ಎಲ್ಲಿಂದ ಬರಬೇಕು? ಹುಬ್ಬಳ್ಳಿಯಲ್ಲಿ ಬೆಳೆದ ಪತ್ರಿಕೆಯೊಂದು 'ಸಂಯುಕ್ತ ಕರ್ನಾಟಕ' ಎಂದು ಹೆಸರಿಟ್ಟುಕೊಂಡಾಗ ಅಂಥದೊಂದು ನಾಡೇ ಇನ್ನೂ ಇರಲಿಲ್ಲ. ಪತ್ರಿಕೆ ಮೊದಲು, ರಾಜ್ಯ ಆಮೇಲೆ.

ಬೇಗೂರಿನ ಕಡೆಗೆ ಆ ಕಾಲದಲ್ಲಿ ದೊಡ್ಡ ಪೇಟೆ ಎಂದರೆ ಮೈಸೂರು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರ 'ವೃತ್ತಾಂತ ಚಿಂತಾಮಣಿ', ವೆಸ್ಲಿಯನ್ ಮಿಶನ್ನಿನ 'ವೃತ್ತಾಂತ ಪತ್ರಿಕೆ' ಅಲ್ಲಿಂದ ಹೊರಡುತ್ತಿದ್ದವು. ದಿವಾನರ ಆಡಳಿತವನ್ನು ಟೀಕಿಸುವ ಸಂಪಾದಕರಿಗೆ ಮೂಗುದಾರ ಹಾಕಲು 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ಕಾನೂನು ತಂದಿತು. ಹಲವು ಪತ್ರಿಕೆಗಳು ಬಾಗಿಲು ಹಾಕಿದವು. 1948ರಲ್ಲಿ 'ಪ್ರಜಾವಾಣಿ', 1967ರಲ್ಲಿ 'ಕನ್ನಡಪ್ರಭ' ಬೆಂಗಳೂರಿನಲ್ಲಿ ಆರಂಭವಾದವು. ಸುದ್ದಿಯ ತಕ್ಕಡಿ ರಾಜಧಾನಿಯ ಕಡೆ ವಾಲಿತು. ದೂರದ ಊರುಗಳಿಗೆಂದು ಸಂಜೆಯೇ ಕಟ್ಟುತ್ತಿದ್ದ ಮೊಫಸಿಲ್ ಆವೃತ್ತಿಯಲ್ಲಿ ರಾತ್ರಿಯ ಸುದ್ದಿ ಇರುತ್ತಿರಲಿಲ್ಲ. ಬೆಂಗಳೂರಿನವರು ಬೆಳಿಗ್ಗೆ ಓದಿದ್ದನ್ನು ಹಳ್ಳಿಯವರು ಮರುದಿನ ಓದುವುದು ಸಹಜವೆಂದೇ ಎಲ್ಲರೂ ಒಪ್ಪಿಕೊಂಡಿದ್ದರು.

ಆ ಕೊರತೆಯನ್ನು ತುಂಬಿದ್ದು ಮೈಸೂರಿನ ಪತ್ರಿಕೆಗಳು. ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ಆರಂಭಿಸಿದ 'ಆಂದೋಲನ' ಮುಂದೆ ಮೈಸೂರಿಗೆ ಬಂದು ದಿನಪತ್ರಿಕೆಯಾಯಿತು. ದಲಿತ ಚಳವಳಿ, ರೈತ ಚಳವಳಿಗಳ ಸುದ್ದಿಗೆ ಅಲ್ಲಿ ಜಾಗ ಕಾಯುತ್ತಿತ್ತು. ಕೆರೆಗೆ ನೀರು ಬಂದದ್ದು, ಟಿ.ಸಿ. ಸುಟ್ಟದ್ದು, ಆನೆ ಬಾಳೆತೋಟಕ್ಕೆ ನುಗ್ಗಿದ್ದು, ಯಾರದೋ ತಿಥಿ, ಯಾರದೋ ಸನ್ಮಾನ. ಬೆಂಗಳೂರಿನ ಉಪಸಂಪಾದಕ ಇದನ್ನೆಲ್ಲ ಕಸದ ಬುಟ್ಟಿಗೆ ಹಾಕಬಹುದು. ಆದರೆ ಟಿ.ಸಿ. ಸುಟ್ಟ ಊರಿನವರಿಗೆ ಅದಕ್ಕಿಂತ ದೊಡ್ಡ ಸುದ್ದಿ ಆ ವಾರ ಬೇರೆ ಇಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಅಖಬಾರೂ ಇತ್ತು, ಬೆಂಗಳೂರಿನ ಉರ್ದು ದಿನಪತ್ರಿಕೆ 'ಸಾಲಾರ್'. 1964ರಲ್ಲಿ ಆರಂಭವಾದ ಅದು ನಮ್ಮನ್ನು ಒಂದು ಸಮುದಾಯವಾಗಿ ಕಾಣುತ್ತಿತ್ತು: ವಕ್ಫ್, ಹಜ್, ಅಲೀಗಢ, ಪ್ಯಾಲೆಸ್ತೀನ್. ಮೈಸೂರಿನ ಕನ್ನಡ ಪತ್ರಿಕೆ ನಮ್ಮನ್ನು ಇಂಥ ತಾಲ್ಲೂಕಿನವರಾಗಿ ಕಾಣುತ್ತಿತ್ತು: ಬೋರ್‌ವೆಲ್, ಬಸ್ಸು, ಪಡಿತರ. ಜೆರುಸಲೇಮಿನ ಸುದ್ದಿ ಉರ್ದುವಿನಲ್ಲಿ, ಗುಂಡ್ಲುಪೇಟೆಯ ಸುದ್ದಿ ಕನ್ನಡದಲ್ಲಿ ಓದಿ ಬೆಳೆದವರು ನಾವು. ಎರಡೂ ಒಂದೇ ಮನುಷ್ಯನ ಸುದ್ದಿ ಎಂದು ಎರಡು ಪತ್ರಿಕೆಗಳಿಗೂ ಹೊಳೆದಂತೆ ಕಾಣಲಿಲ್ಲ. 2003ರಲ್ಲಿ ಮಂಗಳೂರಿನಲ್ಲಿ 'ವಾರ್ತಾಭಾರತಿ' ಆರಂಭವಾದಾಗ ಈ ಎರಡು ಓದು ಒಂದೇ ಕನ್ನಡ ದಿನಪತ್ರಿಕೆಯಲ್ಲಿ ಸೇರುವ ಸಾಧ್ಯತೆ ಕಂಡಿತು.

ಅಷ್ಟರಲ್ಲಿ ದೊಡ್ಡ ಪತ್ರಿಕೆಗಳೇ ಬದಲಾಗಿದ್ದವು. 1999ರಲ್ಲಿ ಆರಂಭವಾದ 'ವಿಜಯ ಕರ್ನಾಟಕ' ಬೆಲೆ ಇಳಿಸಿ, ಹಲವು ಊರುಗಳಲ್ಲಿ ಅಚ್ಚು ಹಾಕಿ, ಜಿಲ್ಲೆಗೊಂದು ಸುದ್ದಿಪುಟ ಕೊಟ್ಟು ಮಾರುಕಟ್ಟೆ ಹಿಡಿಯಿತು. ಉಳಿದವರೂ ಅದೇ ದಾರಿ ಹಿಡಿದರು. ಬೇಗೂರಿನ ಸಂತೆ, ಶಾಲೆ, ಚರಂಡಿ ಎಲ್ಲವೂ ಬಣ್ಣದ ಪುಟದಲ್ಲಿ ಬಂದವು. ಹಳ್ಳಿಯ ಜನ ಹಿಗ್ಗಿದರು. ಹಿಗ್ಗಬೇಕಾದದ್ದೇ.

ಆದರೆ ಆ ಪುಟಕ್ಕೊಂದು ಬೇಲಿ ಇದೆ. 1997ರಲ್ಲಿ ಮೈಸೂರಿನಿಂದ ಚಾಮರಾಜನಗರ ಜಿಲ್ಲೆ ಬೇರೆಯಾಯಿತು. ಬೇಗೂರು ಚಾಮರಾಜನಗರಕ್ಕೆ ಸೇರಿತು, ಮಗ್ಗುಲಿನ ನಂಜನಗೂಡು ಮೈಸೂರಿನಲ್ಲೇ ಉಳಿಯಿತು. ವ್ಯಾಪಾರ, ನಂಟಸ್ತಿಕೆ ಎರಡೂ ಕಡೆ ಇದ್ದರೂ ಜಿಲ್ಲಾ ಪುಟಗಳು ಬೇರೆ. ಒಂದೇ ಹೆಸರಿನ ಪತ್ರಿಕೆ ಕೊಂಡರೂ ಇವರ ಸುದ್ದಿ ಅವರಿಗಿಲ್ಲ. ಬೆಂಗಳೂರಿಗಂತೂ ಇಲ್ಲವೇ ಇಲ್ಲ. ವಿಧಾನಸೌಧದ ಮೇಜಿನ ಮೇಲಿರುವುದು ಬೆಂಗಳೂರು ಆವೃತ್ತಿ. ಹಿಂದೆ ಬೇಗೂರಿನ ಮೂರು ಸಾಲು ಒಳಪುಟದಲ್ಲಿ ಬಂದರೆ ಇಡೀ ರಾಜ್ಯ ಅದನ್ನು ಓದಬಹುದಿತ್ತು. ಈಗ ಮೂರು ಕಾಲಂ ಬಂದರೂ ಓದುವವರು ಬೇಗೂರಿನವರೇ.

ಫ್ರಾನ್ಸಿನವರು ಈ ಸ್ಥಿತಿಯನ್ನು ನಮಗಿಂತ ಮೊದಲೇ ಕಂಡರು. ಜರ್ಮನಿ ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಪ್ಯಾರಿಸಿನ ಪತ್ರಿಕೆಗಳು ಊರೂರು ತಲುಪದಾದವು. ಪಡಿತರದ ಸುದ್ದಿಗೆ ಜನ ಸ್ಥಳೀಯ ಪತ್ರಿಕೆಗೇ ಕಾಯಬೇಕಾಯಿತು. ಯುದ್ಧದ ನಂತರ ಪ್ರಾಂತ್ಯಗಳ ದಿನಪತ್ರಿಕೆಗಳ ಒಟ್ಟು ಪ್ರಸಾರ ಪ್ಯಾರಿಸಿನದನ್ನು ಮೀರಿತು. 1944ರಲ್ಲಿ ರೆನ್ ಪಟ್ಟಣದಲ್ಲಿ ಆರಂಭವಾದ 'ವೆಸ್ಟ್ ಫ್ರಾನ್ಸ್' ಮುಂದೆ, ಅದೇ ವರ್ಷ ಪ್ಯಾರಿಸಿನಲ್ಲಿ ಹುಟ್ಟಿದ 'ಲ ಮೊಂದ್' ಪತ್ರಿಕೆಯನ್ನೂ ಹಿಂದಿಕ್ಕಿ ದೇಶದಲ್ಲೇ ಹೆಚ್ಚು ಮಾರಾಟವಾಗುವ ದಿನಪತ್ರಿಕೆಯಾಯಿತು. ಹತ್ತಾರು ಸ್ಥಳೀಯ ಆವೃತ್ತಿಗಳು. ಹಳ್ಳಿಯ ಸುದ್ದಿ ಕಳಿಸುವವರು ಸಂಬಳದ ಪತ್ರಕರ್ತರಲ್ಲ, ಬರೆದಷ್ಟಕ್ಕೆ ಹಣ ಪಡೆಯುವ ಊರಿನವರೇ. ನಮ್ಮ ತಾಲ್ಲೂಕಿನ ಅರೆಕಾಲಿಕ ವರದಿಗಾರರ ಹಾಗೆ. ನಮ್ಮವರಿಗೆ ಜಾಹೀರಾತು ತರುವ ಹೊಣೆ ಬೇರೆ.

ಬೇಲಿ ಭಾಷೆಯದೂ ಆಗಬಹುದು. ಬೇಗೂರಿನ ಹೆದ್ದಾರಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನೊಳಗಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಷೇಧಿಸಿತು; 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕನ್ನಡ ಪತ್ರಿಕೆಗಳು ಬರೆದದ್ದು ವಾಹನಕ್ಕೆ ಸಿಕ್ಕಿ ಸಾಯುವ ಜಿಂಕೆ, ಚಿರತೆ, ಆನೆಗಳ ಬಗ್ಗೆ. ವಯನಾಡಿನ ಮಲಯಾಳಂ ಪತ್ರಿಕೆಗಳು ಬರೆದದ್ದು ರೋಗಿಗಳ, ತರಕಾರಿ ಲಾರಿಗಳ, ಬಸ್ಸು ತಪ್ಪಿದವರ ಬಗ್ಗೆ. ಎರಡೂ ನಿಜ. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಕಳಿಸುವ ರೈತನಿಗೆ ಎರಡೂ ಬೇಕಿತ್ತು. ಅವನ ಕೈಗೆ ಸಿಕ್ಕಿದ್ದು ಅರ್ಧ.

ಊರಿನಲ್ಲೇ ಇರುವವನು ಊರಿನ ಎಲ್ಲವನ್ನೂ ಬರೆಯುತ್ತಾನೆ ಎನ್ನುವಂತೆಯೂ ಇಲ್ಲ. 2019ರ ಜೂನ್‌ನಲ್ಲಿ ಇದೇ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ದಲಿತ ಯುವಕನೊಬ್ಬನನ್ನು ಬೆತ್ತಲೆಯಾಗಿ ನಡೆಸಿದರು. ರಾಜ್ಯಕ್ಕೆ ಅದು ಗೊತ್ತಾದದ್ದು ಕೆಲವು ದಿನಗಳ ನಂತರ, ಮೊಬೈಲಿನಲ್ಲಿ ವಿಡಿಯೋ ಹರಿದಾಡಿದ ಮೇಲೆ. ಜಿಲ್ಲಾ ಪುಟ ಇದ್ದೂ ಹೀಗಾಯಿತು.

ಬೆಂಗಳೂರಿನ ಪತ್ರಿಕೆಗಳಿಗೆ ಚಾಮರಾಜನಗರ ಎಂದರೆ ಬಹುಕಾಲ ಒಂದೇ ಕಥೆ: ಅಲ್ಲಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಏನಿದೆ, ಏನಿಲ್ಲ ಎನ್ನುವುದು ಜಿಲ್ಲಾ ಪುಟದ ಸುದ್ದಿ. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಆ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತಾಗ ಮಾತ್ರ ಅದು ದೇಶದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಏರಿತು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಸರಕಾರ ಹೇಳಿತು. ಹೈಕೋರ್ಟ್ ನೇಮಿಸಿದ ಸಮಿತಿ ಆ ಲೆಕ್ಕವನ್ನು ಒಪ್ಪಲಿಲ್ಲ. ಮುಂದಿನ ವರ್ಷಗಳಲ್ಲಿ ಸತ್ತವರ ಮನೆಯವರು ಪರಿಹಾರ, ಸರಕಾರಿ ಕೆಲಸ ಕೇಳಿ ಬೀದಿಗಿಳಿದ ಸುದ್ದಿಯನ್ನು ನಾವು ಹೆಚ್ಚಾಗಿ ಓದಿದ್ದು ಮತ್ತೆ ಚಾಮರಾಜನಗರದ ಪುಟದಲ್ಲೇ.