ಹುಬ್ಬಳ್ಳಿಯ ರೈಲು ನಿಲ್ದಾಣವೂ ಬಸ್ ನಿಲ್ದಾಣವೂ: ದಿನದ ಪ್ರಯಾಣಿಕನ ಇತಿಹಾಸಕ್ಕೊಂದು ಪೀಠಿಕೆ

ರೈಲುದಾರಿಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಹಾಸಿದ ಹಳಿಗಳ ಮೈಲುಗಳನ್ನೂ ತೊಡಗಿಸಿದ ಬಂಡವಾಳವನ್ನೂ ಸಾಗಿಸಿದ ಸರಕಿನ ತೂಕವನ್ನೂ ಲೆಕ್ಕ ಹಾಕಿದ್ದಾರೆ. ಮುಂಜಾನೆ ಬುತ್ತಿ ಕಟ್ಟಿಕೊಂಡು ನೆರೆಯ ಊರಿಗೆ ಕೆಲಸಕ್ಕೆ ಹೋಗಿ, ಸಂಜೆ ಮನೆಗೆ ಮರಳುವ ಪ್ರಯಾಣಿಕನಿಗೆ ಆ ಲೆಕ್ಕದಲ್ಲಿ ಸ್ಥಾನವಿಲ್ಲ. ಆದರೆ ಮಧ್ಯಮ ಗಾತ್ರದ ನಗರವೊಂದರ ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣಗಳ ಸಂಬಂಧವನ್ನು ಅರಿಯಬೇಕಾದರೆ ಈ ಪ್ರಯಾಣಿಕನಿಂದಲೇ ಆರಂಭಿಸಬೇಕಾಗುತ್ತದೆ. ಹುಬ್ಬಳ್ಳಿಯ ಉದಾಹರಣೆಯಿಂದ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹುಬ್ಬಳ್ಳಿಯಲ್ಲಿ ರೈಲನ್ನು ತಂದವರು ಬೇರೆ, ಬಸ್ಸನ್ನು ತಂದವರು ಬೇರೆ. ಎರಡನ್ನೂ ತನ್ನ ನಡಿಗೆಯಿಂದ ಜೋಡಿಸಿದವನು ದಿನದ ಪ್ರಯಾಣಿಕನು.

ಮೊದಲು ರೈಲಿನ ವಿಷಯ. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಅಮೆರಿಕದ ಹತ್ತಿಯನ್ನು ಬಿತ್ತಿಸಲಾಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ದೊರೆಯದೆ ಹೋದಾಗ ಈ ಸೀಮೆಯ ಹತ್ತಿಗೆ ಹಠಾತ್ತನೆ ಬೆಲೆ ಬಂದಿತು. ಆಗ ಅರಳೆಯ ಹೇರುಗಳು ಎತ್ತಿನ ಮೇಲೂ ಚಕ್ಕಡಿಗಳಲ್ಲಿಯೂ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದವು. ಇಲ್ಲಿಯ ದೇಶಿ ಹತ್ತಿಗೆ ಪರದೇಶದ ಪೇಟೆಗಳಲ್ಲಿ ಆ ಬಂದರಿನ ಹೆಸರೇ ಅಂಟಿಕೊಂಡಿತು. ಕಾರವಾರವನ್ನು ಹತ್ತಿಯ ಬಂದರನ್ನಾಗಿ ಬೆಳೆಸಬೇಕೆಂಬ ಒತ್ತಾಯದ ಫಲವಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಆದರೆ ರೈಲು ಕಾರವಾರಕ್ಕೆ ಇಳಿಯಲಿಲ್ಲ. 1878ರ ಆಂಗ್ಲ-ಪೋರ್ಚುಗೀಸ್ ಒಪ್ಪಂದದ ತರುವಾಯ ಮಾರ್ಮಗೋವಾ ಬಂದರಿಗೆ ಆ ಭಾಗ್ಯ ಒದಗಿತು.

1876-78ರ ಭೀಕರ ಕ್ಷಾಮವು ಇನ್ನೊಂದು ಕಾರಣವನ್ನು ಒದಗಿಸಿತು. ಧಾನ್ಯವನ್ನು ಬರದ ಸೀಮೆಗೆ ಶೀಘ್ರವಾಗಿ ಸಾಗಿಸಲು ಹಳಿಗಳು ಬೇಕೆಂಬುದು ಸರಕಾರಕ್ಕೆ ಮನವರಿಕೆಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಗಿ, ಅದೇ ದಶಕದಲ್ಲಿ ಹುಬ್ಬಳ್ಳಿ, ಧಾರವಾಡ, ಗದಗು, ಲೋಂಡಾಗಳನ್ನು ಮೀಟರ್ ಗೇಜ್ ದಾರಿಯಿಂದ ಜೋಡಿಸಿತು. ಹುಬ್ಬಳ್ಳಿಯು ಜಂಕ್ಷನ್ ಆಯಿತು. ಅಲ್ಲಿಯೇ ಕಂಪನಿಯ ಕಾರ್ಖಾನೆಯೂ ತಲೆಯೆತ್ತಿತು. ಹತ್ತಿ ಮತ್ತು ಕ್ಷಾಮ ಎಂಬ ಎರಡೂ ಕಾರಣಗಳಲ್ಲಿ ಜನರ ನಿತ್ಯಸಂಚಾರದ ವಿಚಾರವಿರಲಿಲ್ಲವೆಂಬುದನ್ನು ಗಮನಿಸಬೇಕು. ನಿಲ್ದಾಣದ ಸ್ಥಳವನ್ನೂ ಅಂಗಳವನ್ನೂ ಸರಕಿನ ಅನುಕೂಲವನ್ನು ಕುರಿತು ಯೋಚಿಸಿಯೇ ನಿರ್ಧರಿಸಲಾಗಿತ್ತು.

ದಿನದ ಪ್ರಯಾಣಿಕನನ್ನು ಸೃಷ್ಟಿಸಿದುದು ಎರಡು ಊರುಗಳ ನಡುವಿನ ಕೆಲಸದ ಹಂಚಿಕೆ. ಧಾರವಾಡವು ಜಿಲ್ಲೆಯ ಕಚೇರಿ, ನ್ಯಾಯಾಲಯ ಮತ್ತು ವಿದ್ಯೆಯ ಸ್ಥಳವಾಯಿತು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಇಲ್ಲಿಗೆ ಬಂದಿತು. ಹುಬ್ಬಳ್ಳಿಯಾದರೋ ಪೇಟೆ, ಗಿರಣಿ, ರೈಲ್ವೆ ಕಾರ್ಖಾನೆಗಳ ಊರು. 1947ರಲ್ಲಿ ಇಂಜಿನಿಯರಿಂಗ್ ಕಾಲೇಜು, 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಹುಬ್ಬಳ್ಳಿಯ ಪಾಲಿಗೆ ಬಂದವು. ಹೀಗೆ ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಪೂರ್ಣವಾಗಲಿಲ್ಲ. ಒಂದರಲ್ಲಿ ಮನೆ, ಇನ್ನೊಂದರಲ್ಲಿ ನೌಕರಿ. ಒಂದರಲ್ಲಿ ವ್ಯಾಪಾರ, ಇನ್ನೊಂದರಲ್ಲಿ ಮಗನ ವಿದ್ಯಾಭ್ಯಾಸ. ಇಂತಹ ಕುಟುಂಬಗಳು ಹೆಚ್ಚಿದವು. 1962ರಲ್ಲಿ ಎರಡೂ ಊರುಗಳು ಒಂದೇ ಪಾಲಿಕೆಯ ಆಡಳಿತಕ್ಕೆ ಸೇರಿದುದು ಈಗಾಗಲೇ ನಡೆದಿದ್ದ ಸಂಗತಿಗೆ ದೊರೆತ ರಾಜಮುದ್ರೆಯೆನ್ನಬೇಕು. 2011ರ ಜನಗಣತಿಯ ವೇಳೆಗೆ ಈ ಅವಳಿ ನಗರದ ಜನಸಂಖ್ಯೆ 9.43 ಲಕ್ಷವಾಗಿತ್ತು.

ಈ ಸಂಚಾರವನ್ನು ರೈಲು ಹೊರಬಹುದಾಗಿತ್ತು. ಹುಬ್ಬಳ್ಳಿ-ಧಾರವಾಡಗಳ ನಡುವೆ ಉಣಕಲ್, ಅಮರಗೋಳ, ನವಲೂರುಗಳಲ್ಲಿ ನಿಲ್ದಾಣಗಳಿವೆ. ಆದರೆ ರೈಲಿನ ವೇಳಾಪಟ್ಟಿಯನ್ನು ದೂರದ ಗಾಡಿಗಳು ಆಳುತ್ತವೆ. ಕಚೇರಿಯ ಗಂಟೆಗೂ ಶಾಲೆಯ ಗಂಟೆಗೂ ಅದು ಬದ್ಧವಲ್ಲ. ಬಸ್ಸಾದರೋ ಮನೆಯ ಹತ್ತಿರ ನಿಲ್ಲುತ್ತದೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ಆದುದರಿಂದ ಅವಳಿ ನಗರಗಳ ನಿತ್ಯಸಂಚಾರವು ಬಹುಮಟ್ಟಿಗೆ ಬಸ್ಸಿನ ಪಾಲಾಯಿತು. ಸುತ್ತಲಿನ ಊರುಗಳಿಂದ ರೈಲಿನಲ್ಲಿ ಬಂದವನು ಹುಬ್ಬಳ್ಳಿಯಲ್ಲಿಳಿದು, ಪೇಟೆಯ ನಡುವಿನ ನಗರ ಬಸ್ ನಿಲ್ದಾಣಕ್ಕೆ ನಡೆದು ಹೋಗಿ, ಅಲ್ಲಿಂದ ತನ್ನ ಕೆಲಸದ ಸ್ಥಳಕ್ಕೆ ಸಾಗುವನು. ಎರಡು ನಿಲ್ದಾಣಗಳ ನಡುವಿನ ಬೀದಿಯೇ ಅವನ ಪಾಲಿಗೆ ನಿಜವಾದ ಜಂಕ್ಷನ್.

ಎರಡು ನಿಲ್ದಾಣಗಳನ್ನು ಒಂದುಗೂಡಿಸುವ ಯೋಚನೆ ಏಕೆ ಬೆಳೆಯಲಿಲ್ಲ? ಉತ್ತರವನ್ನು ಆಡಳಿತದ ಇತಿಹಾಸದಲ್ಲಿ ಹುಡುಕಬೇಕು. ರೈಲ್ವೆ ಕಂಪನಿಯ ಆಡಳಿತ ಮಂಡಳಿಯಿದ್ದುದು ಲಂಡನ್ನಿನಲ್ಲಿ. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ವಿಲೀನವಾಗಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯಾದ ಮೇಲೆ ಇಲ್ಲಿಯ ಅಧಿಕಾರ ಮದರಾಸಿಗೆ ಹೋಯಿತು. 1944ರಲ್ಲಿ ಸರಕಾರವು ಅದನ್ನು ವಶಪಡಿಸಿಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ ರಚಿತವಾಯಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಯಾಗಿ ಹುಬ್ಬಳ್ಳಿಯು ಸಿಕಂದರಾಬಾದಿನ ಕಡೆಗೆ ನೋಡುವಂತಾಯಿತು. ಬಸ್ಸಿನ ಕಥೆಯೂ ಇಂತಹುದೇ. ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯವು ಬಸ್ ಸಾರಿಗೆಯನ್ನು ರಾಷ್ಟ್ರೀಕರಿಸಿದಾಗ ಅದರ ಅಧಿಕಾರವಿದ್ದುದು ಮುಂಬಯಿಯಲ್ಲಿ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1961ರಲ್ಲಿ ಸ್ಥಾಪಿತವಾದ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಮೂಲಕ, ಅದು ಬೆಂಗಳೂರಿಗೆ ಹೋಯಿತು. ಒಂದೇ ಊರಿನ ಎರಡು ನಿಲ್ದಾಣಗಳ ಕಾಗದಪತ್ರಗಳು ಎರಡು ದೂರದ ಊರುಗಳಿಗೆ ಹೋಗುತ್ತಿದ್ದಾಗ, ಅವುಗಳ ನಡುವಿನ ಬೀದಿಯು ಯಾರ ಹೊಣೆಯೂ ಆಗದೆ ಉಳಿದುದರಲ್ಲಿ ಆಶ್ಚರ್ಯವಿಲ್ಲ.

ಈ ದೃಷ್ಟಿಯಿಂದ ಎರಡು ವರ್ಷಗಳು ಸ್ಮರಣೀಯವಾಗಿವೆ. 1997ರಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯು ಹುಬ್ಬಳ್ಳಿಗೆ ಬಂದಿತು. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರವೂ ಹುಬ್ಬಳ್ಳಿಯೇ ಆಯಿತು. ರೈಲು ಬಂದು ನೂರು ವರ್ಷಗಳು ಕಳೆದ ಮೇಲೆ ಎರಡೂ ಸಾರಿಗೆಗಳ ಅಧಿಕಾರಿಗಳು ಒಂದೇ ಊರಿನಲ್ಲಿ ಕುಳಿತರು. ಆದರೂ ಒಂದು ಕೇಂದ್ರ ಸರಕಾರದ್ದು, ಇನ್ನೊಂದು ರಾಜ್ಯದ್ದು. ನೆರೆಹೊರೆಯಾದ ಮಾತ್ರಕ್ಕೆ ಒಂದೇ ಒಲೆಯಾಗುವುದಿಲ್ಲ.

ತರುವಾಯದ ಎರಡು ನಿರ್ಮಾಣಗಳನ್ನು ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. 2018ರ ಅಕ್ಟೋಬರಿನಲ್ಲಿ ಸಂಚಾರವನ್ನಾರಂಭಿಸಿ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಯು ರಸ್ತೆಯ ನಡುವೆ ಪ್ರತ್ಯೇಕ ಪಥವನ್ನು ಪಡೆಯಿತು. ಬಸ್ಸಿನ ನೆಲದ ಎತ್ತರಕ್ಕೆ ಸಮನಾದ ಕಟ್ಟೆಗಳು, ಹತ್ತುವ ಮೊದಲೇ ಟಿಕೀಟು ಕೊಳ್ಳುವ ವ್ಯವಸ್ಥೆ, ಇವು ಅದರ ಲಕ್ಷಣಗಳು. ಈ ಬಸ್ಸುಗಳಿಗೆ ಇಟ್ಟ ‘ಚಿಗರಿ’ ಎಂಬ ಹೆಸರೂ ಈ ನೆಲದ ಮಾತೇ. ದಿನದ ಪ್ರಯಾಣಿಕನನ್ನೇ ಮುಂದಿರಿಸಿಕೊಂಡು ಇಷ್ಟು ದೊಡ್ಡ ನಿರ್ಮಾಣವನ್ನು ಕೈಗೊಂಡುದು ಅವಳಿ ನಗರದಲ್ಲಿ ಹೊಸ ಸಂಗತಿ. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಅದು ಊರಿಗೆ ಹೆಮ್ಮೆಯನ್ನು ತಂದಿತು; ಆದರೆ ಅದರ ಅಳತೆಯು ದೂರದ ದೀರ್ಘ ಗಾಡಿಗಳ ಅಳತೆ. ಒಂದು ನಿರ್ಮಾಣವು ನಗರದ ಒಳಮುಖವಾಗಿಯೂ ಇನ್ನೊಂದು ಹೊರಮುಖವಾಗಿಯೂ ಬೆಳೆದಿವೆ.

ಇದರಿಂದ ರೈಲ್ವೆಯನ್ನು ದೂಷಿಸಬೇಕಾಗಿಲ್ಲ. ಸರಕು ಮತ್ತು ದೂರದ ಪ್ರಯಾಣಕ್ಕಾಗಿ ಹುಟ್ಟಿದ ಸಂಸ್ಥೆಯು ತನ್ನ ಜಾತಕದಂತೆ ನಡೆದುಕೊಂಡಿದೆ. ಆದರೆ ರೈಲಿನ ಹಳಿಯಾಗಲಿ ಪಾಲಿಕೆಯ ಗಡಿಯಾಗಲಿ ಒಂದು ನಗರವನ್ನು ಪೂರ್ತಿಯಾಗಿ ವಿವರಿಸಲಾರವು. 2025ರ ಆರಂಭದಲ್ಲಿ ರಾಜ್ಯದ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ರಚಿಸಲು ಒಪ್ಪಿಗೆಯಿತ್ತಿತು. ಆಡಳಿತದ ಗೆರೆಗಳು ಕೂಡಬಹುದು, ಬೇರೆಯಾಗಬಹುದು. ಮುಂಜಾನೆ ಹೋಗಿ ಸಂಜೆ ಮರಳುವ ಜನರು ಆ ಗೆರೆಯನ್ನು ದಾಟುತ್ತಲೇ ಇರುವರು.

ಇವರ ಸಾಕ್ಷ್ಯವನ್ನು ಕೂಡಿಸುವುದು ನಮ್ಮ ವಿದ್ಯಾರ್ಥಿಗಳಿಂದ ಆಗತಕ್ಕ ಕೆಲಸ. ಕಾರ್ಖಾನೆಯಿಂದ ನಿವೃತ್ತರಾದವರು, ಹಳೆಯ ನಿರ್ವಾಹಕರು, ಮೂವತ್ತು ವರ್ಷ ಪಾಸು ಹಿಡಿದು ಓಡಾಡಿದ ಶಿಕ್ಷಕಿಯರು, ಬುಟ್ಟಿ ಹೊತ್ತು ಪೇಟೆಗೆ ಬಂದ ಕಾಯಿಪಲ್ಲೆಯ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಸವೆದ ಪಾಸುಗಳು, ಹಳೆಯ ವೇಳಾಪಟ್ಟಿಗಳು ಮನೆಗಳ ಪೆಟ್ಟಿಗೆಗಳಲ್ಲಿವೆ. ಕಂಪನಿಯ ಹತ್ತಿಯ ಲೆಕ್ಕವನ್ನು ದಫ್ತರಗಳು ಕಾಪಾಡಿವೆ. ಇವರ ಲೆಕ್ಕವನ್ನು ಈಗ ಬರೆದಿಡದಿದ್ದರೆ ಮುಂದೆ ಅದನ್ನು ಹೇಳುವವರು ಉಳಿಯಲಾರರು.