೧೯೬೯ರ ಅಂತಿಮ ಸರಣಿಯ ತರುವಾಯ: ಎರಡು ಬ್ಯಾಸ್ಕೆಟ್‌ಬಾಲ್ ತಂಡಗಳ ಪುನಾರಚನೆ

ಪುನಾರಚನೆಯ ಅಗತ್ಯ ಸೋತ ತಂಡಕ್ಕೇ ಹೊರತು ಗೆದ್ದ ತಂಡಕ್ಕಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ೧೯೬೯ರ ಬಳಿಕ ನಡೆದುದನ್ನು ನೋಡಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಆ ವರ್ಷದ ಮೇ ೫ರಂದು ಲಾಸ್ ಏಂಜಲೀಸ್ ಪ್ರದೇಶದಲ್ಲಿ ನಡೆದ ಏಳನೆಯ ಪಂದ್ಯದಲ್ಲಿ ಬಾಸ್ಟನ್ನಿನ ಸೆಲ್ಟಿಕ್ಸ್ ತಂಡವು ಲೇಕರ್ಸ್ ತಂಡವನ್ನು ೧೦೮-೧೦೬ರಿಂದ ಸೋಲಿಸಿತು. ವಿಜಯೋತ್ಸವಕ್ಕೆಂದು ಲೇಕರ್ಸ್ ಒಡೆಯರು ಛಾವಣಿಯಡಿ ಕಟ್ಟಿಸಿದ್ದ ಬಲೂನುಗಳು ಅಲ್ಲಿಯೇ ಉಳಿದವು.

ಆದರೆ ಗೆಲುವಿನ ಬೆನ್ನಿಗೇ ಸೆಲ್ಟಿಕ್ಸ್ ಬರಿದಾಯಿತು. ಹದಿಮೂರು ವರ್ಷಗಳಲ್ಲಿ ಹನ್ನೊಂದು ಪ್ರಶಸ್ತಿಗಳಿಗೆ ಆಧಾರವಾಗಿದ್ದ, ಆಗ ಆಟಗಾರರೂ ತರಬೇತುದಾರರೂ ಆಗಿದ್ದ ಬಿಲ್ ರಸೆಲ್ ನಿವೃತ್ತರಾದರು. ಸ್ಯಾಮ್ ಜೋನ್ಸ್ ಅವರೂ ಅಷ್ಟೆ. ಮುಂದಿನ ಋತುವಿನ ೮೨ ಪಂದ್ಯಗಳಲ್ಲಿ ಗೆದ್ದುದು ೩೪ ಮಾತ್ರ. ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಹಿಂದುಳಿದ ತಂಡಗಳಿಗೆ ಮೊದಲ ಸರದಿ ನೀಡುವುದು ಆ ಲೀಗಿನ ಪದ್ಧತಿ. ಆದುದರಿಂದ ಪತನದ ಫಲವಾಗಿಯೇ ೧೯೭೦ರಲ್ಲಿ ನಾಲ್ಕನೆಯ ಆಯ್ಕೆಯಾಗಿ ಡೇವ್ ಕೋವೆನ್ಸ್ ದೊರೆತರು. ವ್ಯವಸ್ಥಾಪಕ ರೆಡ್ ಔರ್‌ಬಾಕ್ ಅವರು, ಹಳಬರಾದ ಜಾನ್ ಹಾವ್ಲಿಚೆಕ್ ಅವರೊಡನೆ ಈ ತರುಣರನ್ನೂ ಜೋಜೋ ವೈಟ್ ಅವರನ್ನೂ ಸೇರಿಸಿ ತಂಡವನ್ನು ಬುಡದಿಂದ ಕಟ್ಟಿದರು. ೧೯೭೪ರಲ್ಲಿ ಪ್ರಶಸ್ತಿ ಮರಳಿತು, ೧೯೭೬ರಲ್ಲಿ ಮತ್ತೊಮ್ಮೆ.

ಲೇಕರ್ಸ್ ತಂಡಕ್ಕಾದರೋ, ಎರಡೇ ಅಂಕಗಳ ಸೋಲು ಬದಲಾವಣೆಯ ಒತ್ತಾಯವನ್ನು ತರಲಿಲ್ಲ. ಸ್ವಲ್ಪದರಲ್ಲಿ ತಪ್ಪಿದವನು ಹಳೆಯ ದಾರಿಯನ್ನು ಬಿಡುವುದು ಕಷ್ಟ. ತರಬೇತುದಾರರು ಬದಲಾದರೂ ಬೇಲರ್, ವೆಸ್ಟ್, ಚೇಂಬರ್ಲಿನ್ ಎಂಬ ಮೂವರ ಮೇಲಿನ ನಂಬಿಕೆ ಬದಲಾಗಲಿಲ್ಲ. ೧೯೭೦ರಲ್ಲಿ ನ್ಯೂಯಾರ್ಕಿನ ನಿಕ್ಸ್ ಎದುರು ಮತ್ತೆ ಏಳನೆಯ ಪಂದ್ಯದಲ್ಲಿಯೇ ಸೋಲಾಯಿತು. ೧೯೭೧ರಲ್ಲಿ ತರಬೇತಿಯ ಹೊಣೆ ಹೊತ್ತ ಬಿಲ್ ಶಾರ್ಮನ್ ಹಿಂದೆ ಸೆಲ್ಟಿಕ್ಸ್‌ನಲ್ಲಿಯೇ ಆಡಿ ಹೆಸರಾದವರೆಂಬುದನ್ನು ನಾವು ಮರೆಯಲಾಗದು. ಅಂಕಗಳಿಕೆಗೆ ಪ್ರಸಿದ್ಧರಾಗಿದ್ದ ಚೇಂಬರ್ಲಿನ್ ಅವರನ್ನು ಅವರು ರಕ್ಷಣೆಯತ್ತ, ಮರುಪುಟಿದ ಚೆಂಡನ್ನು ಹಿಡಿದು ಓಟದ ಆಟಕ್ಕೆ ಒದಗಿಸುವುದರತ್ತ ತಿರುಗಿಸಿದರು. ಇದು ರಸೆಲ್ ಮಾಡುತ್ತಿದ್ದ ಕೆಲಸವೇ.

ಮಂಡಿಯ ಬಾಧೆಯಿಂದ ನೊಂದಿದ್ದ ಎಲ್ಜಿನ್ ಬೇಲರ್ ಆ ಋತುವಿನ ಒಂಬತ್ತು ಪಂದ್ಯಗಳನ್ನಾಡಿ ನಿವೃತ್ತರಾದರು. ಅವರ ಸ್ಥಾನಕ್ಕೆ ತರುಣ ಜಿಮ್ ಮ್ಯಾಕ್‌ಮಿಲಿಯನ್ ಬಂದರು. ಮರುಪಂದ್ಯದಿಂದ, ಅಂದರೆ ೧೯೭೧ರ ನವೆಂಬರ್ ೫ರಿಂದ, ತಂಡವು ಸತತವಾಗಿ ೩೩ ಪಂದ್ಯಗಳನ್ನು ಗೆದ್ದಿತು. ಬೇಲರ್ ನಿರ್ಗಮಿಸಿದ್ದೇ ಈ ಜಯಕ್ಕೆ ಕಾರಣವೆಂದರೆ ಅನ್ಯಾಯವಾದೀತು. ಶಾರ್ಮನ್ನರ ಶಿಸ್ತನ್ನೂ ನಾವು ಎಣಿಸಬೇಕು. ೧೯೭೨ರಲ್ಲಿ ಲೇಕರ್ಸ್‌ಗೆ ಪ್ರಶಸ್ತಿ ಲಭಿಸಿದಾಗ, ಎಂಟು ಬಾರಿ ಆ ತಂಡದೊಡನೆ ಅಂತಿಮ ಸರಣಿಯನ್ನು ತಲುಪಿ ಒಮ್ಮೆಯೂ ಗೆಲ್ಲದಿದ್ದ ಬೇಲರ್ ಅಂಕಣದಲ್ಲಿರಲಿಲ್ಲ.